ಶೂಗಿಟ್ಟ ಕುಂಕುಮ

ವೇಣಿಗಿದ್ದ ಆಸೆ ಒಂದೇ: ಮಗಳು ಕೃಪಾ ಕುಣಿಯುವುದನ್ನು ಕಣ್ಣಾರೆ ನೋಡಬೇಕು. ಇದೇನು ಮಹಾ ಆಸೆ ಎನ್ನಬೇಡಿ. ಪೀಣ್ಯದಲ್ಲಿ ಮುಚ್ಚಿಹೋಗಿದ್ದ ಲೇತ್ ಕಾರ್ಖಾನೆಯೊಂದರ ಶೆಡ್ಡಿಗೆ ಮರದ ನೆಲ ಹಾಸಿ, ಗೋಡೆತುಂಬ ಕನ್ನಡಿ ಕೂರಿಸಿ ಬ್ಯಾಲೆ ಅಕಾಡೆಮಿ ಮಾಡಿದ್ದರಲ್ಲ, ಅಲ್ಲಿ ಹೆತ್ತವರಿಗೆ ಪ್ರವೇಶವಿಲ್ಲ. ಅಮ್ಮಂದಿರು ಒಳಗಿದ್ದರೆ ಮಕ್ಕಳು ಕನ್ನಡಿ ಬಿಟ್ಟು ಅಮ್ಮನ ಮುಖ ನೋಡುತ್ತಾರೆ ಎಂದು ಅಲ್ಲಿನ ಮೇಡಂ ಮಾಡಿದ ಕಾನೂನು.

ಕೃಪಾ ಸರ್ಕಾರಿ ಶಾಲೆಯಿಂದ ಆಯ್ಕೆಯಾಗಿ ಫೀಸಿಲ್ಲದೆ ಸೇರಿದವಳು. ಅಲ್ಲಿ ವರ್ಷಕ್ಕೊಮ್ಮೆ ಜರಡಿ ಹಿಡಿಯುತ್ತಾರೆ, ಉದುರಿದವರು ಮನೆಗೆ. ಅಂಥ ಕಡೆ ಎದುರಾಡಲು ವೇಣಿಗೇನು ತಲೆ ಕೆಟ್ಟಿತ್ತೇ? ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು ಶೆಡ್ಡಿನ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಒಳಗೆ ಪಿಯಾನೊ, ಅದರ ಹಿಂದೆ ಧಡ್ ಧಡ್ ಹೆಜ್ಜೆಗಳು. ಅದರಲ್ಲಿ ತನ್ನ ಮಗಳ ಹೆಜ್ಜೆ ಯಾವುದು ಎಂದು ಕಿವಿಗೊಟ್ಟು ಹುಡುಕುತ್ತಿದ್ದಳು. ಒಂದು ದಿನವೂ ಗೊತ್ತಾಗಲಿಲ್ಲ.

ಅವಳೂ ಕುಣಿದವಳೇ. ಚಿಕ್ಕಬಾಣಾವರದಲ್ಲಿ ಹುಡುಗಿಯಾಗಿದ್ದಾಗ ಕೋಲಾಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮೈನೆರೆದ ವಾರವೇ ಅಜ್ಜಿ ಮುನಿಯಕ್ಕ, "ಸಾಕು ಕುಣ್ದಿದ್ದು, ಇನ್ ಒಳ್ಗಿರು" ಎಂದು ಕೋಲುಗಳನ್ನು ನೀರೊಲೆಗೆ ತುರುಕಿದಳು. ಪುಣ್ಯಾತ್ಗಿತ್ತಿ, ಹೋಗಿ ಎಷ್ಟೋ ಕಾಲವಾಯಿತು. ಆ ಹೊಗೆಯ ವಾಸನೆ ಮಾತ್ರ ವೇಣಿಯ ಮೂಗಿನಲ್ಲಿ ಹಾಗೇ ಇದೆ.

ಹೀಗಿರುವಾಗ ಅಕಾಡೆಮಿಯ ಹುಡುಗಿಯರ ಮೇಲೆ ಸಿನಿಮಾ ತೆಗೆಯುವವರು ಬಂದರು. ಕೊನೆಯಲ್ಲಿ ಒಬ್ಬಳೇ ಕುಣಿಯುವ ದೃಶ್ಯವಿತ್ತು. ಅದಕ್ಕಾಗಿ ಹುಡುಗಿಯರಲ್ಲಿ ಹಾವು-ಮುಂಗುಸಿ ಪೈಪೋಟಿ ನಡೆದು ಕೃಪಾ ಗೆದ್ದಳು.

"ಅಮ್ಮಾ, ಥಿಯೇಟರಲ್ಲಿ ಕೂತು ನೋಡ್ಬೋದು ಕಣೇ! ಅಲ್ಲಿ ಯಾರೂ ನಿನ್ನ ಆಚೆ ಕಳ್ಸಲ್ಲ."

ಆ ದಿನ ವೇಣಿ ಹೊಲಿದ ಕಾಲರುಗಳೆಲ್ಲ ಸೊಟ್ಟ. ಸೂಪರ್‌ವೈಸರ್ ಬೈದದ್ದು ಅವಳ ಕಿವಿಗೇ ಹೋಗಲಿಲ್ಲ.

ಶೂಟಿಂಗಿನ ಹಿಂದಿನ ದಿನ ಆಯುಧಪೂಜೆ. ಪೀಣ್ಯ, ದಾಸರಹಳ್ಳಿಯವರಿಗೆ ಇದಕ್ಕಿಂತ ದೊಡ್ಡ ಹಬ್ಬವುಂಟೇ? ಕ್ರೇನಿನಿಂದ ಸ್ಕ್ರೂಡ್ರೈವರ್‌ವರೆಗೆ ಎಲ್ಲಕ್ಕೂ ಅರಿಶಿನ-ಕುಂಕುಮ ಬೀಳಬೇಕು. ಬೆಳಿಗ್ಗೆ ವೇಣಿ ಮನೆಯ ಹೊಲಿಗೆ ಮೆಷೀನಿಗೆ ಇಟ್ಟಳು, ಕತ್ತರಿಗೆ ಇಟ್ಟಳು, ಗಂಡ ರಾಜೇಂದ್ರನ ಸ್ಪ್ಯಾನರುಗಳಿಗೂ ಇಟ್ಟಳು. ಪಕ್ಕದಲ್ಲೇ ಮಗಳ ಹೊಸ ಶೂಗಳಿದ್ದವು, ತುದಿಗಾಲ ಮೇಲೆ ನಿಂತು ಕುಣಿಯುವಂಥವು, ತಿಳಿಗುಲಾಬಿ ಸ್ಯಾಟಿನ್ ಬಟ್ಟೆಯವು. ಮಗಳ ಆಯುಧ ಇದೇ ಅಲ್ಲವೇ? ಕಲಸಿದ ಕುಂಕುಮದಲ್ಲಿ ಬೆರಳದ್ದಿ ಎರಡಕ್ಕೂ ಢಾಳಾಗಿ ಇಟ್ಟುಬಿಟ್ಟಳು.

ಸ್ಯಾಟಿನ್ ಗಟಗಟನೆ ಕುಡಿಯಿತು. ವೇಣಿಗೆ ಗಾಬರಿಯಾಗಿ, ಸೋಪು ಹಾಕಿ ಬಕೆಟ್ಟಿನಲ್ಲಿ ನೆನೆಸಿದಳು. ಆ ಶೂಗಳ ಮೂತಿಯನ್ನು ಗಟ್ಟಿ ಹಿಡಿದಿರುವುದು ಬರೀ ಅಂಟು ಎಂದು ಅವಳಿಗೆ ಯಾರು ಹೇಳಿದ್ದರು? ಎತ್ತಿ ನೋಡಿದರೆ ಸಾರಿಗೆ ಬಿದ್ದ ರೊಟ್ಟಿಯ ಹಾಗಿದ್ದವು. ಕಲೆಯೂ ಹೋಗಿರಲಿಲ್ಲ.

ಕೃಪಾ ಎದ್ದು ಬಂದು ನೋಡಿದಳು. ಕೂಗಾಡಲಿಲ್ಲ, ಅಳಲಿಲ್ಲ.

"ಬಯ್ಯೇ, ಎರಡೇಟು ಹೊಡಿಯೇ. ಹಿಂಗ್ ಸುಮ್ನೆ ನಿಂತ್ಕೋಬೇಡ್ವೇ," ಎಂದಳು ವೇಣಿ.

"ಬಿಡಮ್ಮ," ಎಂದಳು ಕೃಪಾ. ಅದಕ್ಕಿಂತ ಏಟೇ ವಾಸಿಯಿತ್ತು.

ಅಂಥ ಶೂ ಒಂದೇ ದಿನದಲ್ಲಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ; ಒಬ್ಬರ ಕಾಲಿಗೆ ಪಳಗಿದರೆ ಇನ್ನೊಬ್ಬರಿಗೆ ಆಗುವುದಿಲ್ಲ. ಬೇರೆಯವರದ್ದು ಹಾಕಿಕೊಂಡರೆ ಕಾಲು ಮುರಿದೀತು ಎಂದು ಮೇಡಂ ಒಪ್ಪಲಿಲ್ಲ. ಕೃಪಾಳ ಜಾಗದಲ್ಲಿ ಲಾವಣ್ಯ ಎಂಬ ಹುಡುಗಿ ಕುಣಿದಳು. ಕೃಪಾ ಹಳೇ ಮೆತ್ತನೆಯ ಶೂ ಹಾಕಿಕೊಂಡು ಹಿಂದಿನ ಸಾಲಿನಲ್ಲಿ, ಗೋಡೆಗೆ ಹಾಕಿದ್ದ ಅಭ್ಯಾಸದ ಕಂಬಿ ಹಿಡಿದು ನಿಂತಳು.

ಸಿನಿಮಾ ಬಂತು. ವೇಣಿ ರೆಪ್ಪೆ ಬಡಿಯದೆ ನೋಡಿದಳು. ಲಾವಣ್ಯ ಚೆನ್ನಾಗಿಯೇ ಕುಣಿದಳು, ಸುಳ್ಳೇಕೆ ಹೇಳಬೇಕು. ಮಗಳದ್ದೆಂದು ಅವಳಿಗೆ ಕಂಡಿದ್ದು ಒಂದು ಮೊಣಕೈ, ಒಮ್ಮೆ ತುರುಬು. ಹೊರಗೆ ಬಂದು ಮಗಳಿಗೆ, "ಚೆನ್ನಾಗಿ ಕಾಣ್ತಿದ್ದೆ ಕಣೇ," ಎಂದಳು. ಮೆಟ್ರೊದಲ್ಲಿ ಮನೆ ಬರುವವರೆಗೂ ಕಿಟಕಿಯ ಕಡೆಯೇ ತಿರುಗಿ ಕೂತಿದ್ದಳು.

ಮತ್ತೆ ಆಯುಧಪೂಜೆ ಬಂತು. ಮಗಳಿಗೆ ಬಂದಿದ್ದ ಹೊಸ ಜೊತೆಯನ್ನು ವೇಣಿ ಅಟ್ಟಕ್ಕೇರಿಸಿ, ಆ ಕಡೆ ತಲೆಯೆತ್ತಿಯೂ ನೋಡದೆ ಪೂಜೆ ಮುಗಿಸಿದಳು. ಕೃಪಾ ಅವನ್ನು ಇಳಿಸಿ ತಂದು ಮುಂದಿಟ್ಟಳು.

"ನನ್ನ ಆಯುಧಕ್ಕೆ?"

"ಬ್ಯಾಡ್ವೇ ತಾಯಿ! ನನ್ ಕೈ ಸೇದೋಗ!"

"ಶೂ ತಳಕ್ಕೆ ಇಡಮ್ಮ. ಒಣಕುಂಕುಮ, ಒಂದು ಚಿಟಿಕೆ."

ಶೂಗಳನ್ನು ಬೋರಲು ಹಾಕಿ ವೇಣಿ ಇಟ್ಟಳು. ಕೃಪಾ ಹೊಲಿಗೆ ಮೆಷೀನನ್ನು ಗೋಡೆಗೆ ತಳ್ಳಿ, ಶೂಗಳ ರಿಬ್ಬನ್ನು ಕಾಲಿಗೆ ಕಟ್ಟಿಕೊಂಡು, ಮೊಬೈಲಿನಲ್ಲಿ ಪಿಯಾನೊ ಹಾಕಿದಳು. ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ ಅದೇ ಪಿಯಾನೊ.

"ಕೂತ್ಕೋ. ಇಲ್ಲಿ ಮೇಡಂ ಕಾನೂನು ನಡ್ಯಲ್ಲ."

ವೇಣಿ ಬಾಗಿಲ ಬಳಿ ನೆಲದ ಮೇಲೆ ಕೂತಳು. ಮಗಳು ತುದಿಗಾಲ ಮೇಲೆದ್ದಳು, ತಿರುಗಿದಳು, ಪಿಯಾನೊ ನಿಂತಾಗ ತಾನೂ ನಿಂತಳು.

"ಹೆಂಗಿತ್ತಮ್ಮಾ?"

"ಹಾಳು ಕಣ್ಣು, ನೀರು ತುಂಬ್ಕೊಂಡು ಏನೂ ಕಾಣ್ಲಿಲ್ಲ ಕಣೇ," ಎಂದು ವೇಣಿ ಸೆರಗಿನಿಂದ ಮುಖ ತಿಕ್ಕಿಕೊಂಡಳು. "ತಡಿ, ಒರೆಸ್ಕೊಂಡ್ಬಿಡ್ತೀನಿ. ಮೊದ್ಲಿಂದ ಮಾಡು."