ಕೈ ಅವಳದೇ, ವಾಸನೆ ಬೇರೆ

ನನ್ನ ಸೊಸೆ ಮಾಡುವುದು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಎಬ್ಬಿಸುವುದು, ಕೂರಿಸುವುದು, ಸ್ನಾನ ಮಾಡಿಸುವುದು, ತಿನ್ನಿಸುವುದು, ಮಲಗಿಸುವುದು. ಹೇಳಲು ಹೋದರೆ ಒಂದೇ ಉಸಿರಿಗೆ ಮುಗಿಯುತ್ತದೆ, ಮಾಡಲು ಹೋದರೆ ಸೊಂಟ ಬೀಳುತ್ತದೆ. ಈಗ ಕೆಲವು ವರ್ಷಗಳಿಂದ ಅವಳು ಹೋಗುವುದು ಒಂದೇ ಮನೆಗೆ. ಅಲ್ಲಿರುವವರು ತಾಯಿ, ಮಗಳು, ಇಬ್ಬರೇ. ಮಗಳು ಶಾಲೆಯಲ್ಲಿ ಪಾಠ ಹೇಳುವವರು. ಬೆಳಿಗ್ಗೆ ಹೊರಟರೆ ಬರುವುದು ಸಂಜೆಗೆ. ನಾವು ಅವರನ್ನು ಟೀಚರಕ್ಕ ಎನ್ನುತ್ತೇವೆ. ತಾಯಿಯನ್ನು ಹಿರಿಯಮ್ಮ ಎನ್ನುತ್ತೇವೆ. ಹಿರಿಯಮ್ಮನಿಗೆ ಕಣ್ಣು ಪೂರ್ತಿ ಹೋಗಿದೆ, ಕಿವಿಯೂ ಹೆಚ್ಚುಕಡಿಮೆ ಹೋದ ಹಾಗೆಯೇ. ಕಿವಿಗೆ ಬಾಯಿ ತಾಗಿಸಿ ಕೂಗಿದರೆ ಮಾತು ತಿಳಿಯುತ್ತದೆ, ಯಾರ ದನಿ ಎಂದು ತಿಳಿಯುವುದಿಲ್ಲ. ಎಲ್ಲರ ದನಿಯೂ ಬಾವಿಯೊಳಗಿಂದ ಕೇಳಿದಂತೆ ಒಂದೇ.

ಹಾಗಾಗಿ ಅವರಿಗೆ ಜನರ ಗುರುತು ಹತ್ತುವುದು ಮೂಗಿನಿಂದ. ಹತ್ತಿರ ಬಂದವರ ಕೈ ಹಿಡಿದು, ಮುಖದ ಬಳಿ ಎಳೆದುಕೊಂಡು ಮೂಸುತ್ತಾರೆ, ಆಮೇಲೆ ಯಾರೆಂದು ಹೇಳುತ್ತಾರೆ. ಯಾರೆಂದು ಗೊತ್ತಾಗದೆ ಅವರು ಬಾಯಿ ತೆರೆಯುವುದಿಲ್ಲ. ಗೊತ್ತಿಲ್ಲದ ಕೈಯಿಂದ ತುತ್ತು ತೆಗೆದುಕೊಳ್ಳಲು ಹೆದರಿಕೆ ಅವರಿಗೆ, ಅದನ್ನು ತಪ್ಪೆನ್ನಲೂ ಆಗುವುದಿಲ್ಲ.

ಅವರು ನನ್ನ ಸೊಸೆಯನ್ನು ಕರೆಯುವುದು ಗುಬ್ಬಿ ಎಂದು. ಇವಳು ನಿಂತರೆ ಬಾಗಿಲು ತುಂಬುತ್ತದೆ, ಆದರೆ ಅಂಗೈ ಮಾತ್ರ ಎಳೆ ಹುಡುಗಿಯದಷ್ಟು ಚಿಕ್ಕದು. ಮೊದಲ ದಿನ ಆ ಅಂಗೈ ಸವರಿ ನೋಡಿ ಹಿರಿಯಮ್ಮ, "ಯಾವ ಗುಬ್ಬಿನ ಹಿಡ್ಕೊಂಡು ಬಂದಿದ್ದೀಯೇ, ನನ್ನ ಎತ್ತೋಕೆ ಇವಳ ಕೈಲಾಗುತ್ತಾ?" ಎಂದು ಮಗಳನ್ನು ಕೇಳಿದರಂತೆ. ಟೀಚರಕ್ಕ ಗೋಡೆಗೆ ತಿರುಗಿ ನಕ್ಕರಂತೆ. ಹೆಸರು ಅಂದಿನಿಂದ ಅಂಟಿಕೊಂಡಿತು.

ಗುಬ್ಬಿಯ ಮಂಡಿ ಹೋದದ್ದು ಕಳೆದ ವರ್ಷ. ಹಿರಿಯಮ್ಮನ ಮನೆ ಇರುವುದು ಮೂರನೆಯ ಮಹಡಿಯಲ್ಲಿ, ಲಿಫ್ಟು ಇಲ್ಲ. ಮೆಟ್ಟಿಲಿನ ಅರ್ಧದಲ್ಲಿ ಕಂಬಿ ಹಿಡಿದು ನಿಂತು, ಯಾರಾದರೂ ಇಳಿದು ಬಂದರೆ ಚೀಲದಲ್ಲಿ ಏನೋ ಹುಡುಕುವವಳಂತೆ ನಟಿಸುತ್ತಿದ್ದಳು. ಸಂಜೆ ಮನೆಗೆ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತರೆ ನೀರು ತಣ್ಣಗಾಗುವವರೆಗೂ ಏಳುತ್ತಿರಲಿಲ್ಲ. ಕ್ಲಿನಿಕ್ಕಿನ ಡಾಕ್ಟರಮ್ಮ ಮುಲಾಜಿಲ್ಲದೆ ಹೇಳಿದರು: ಮೈಭಾರ ಇಳಿಸಬೇಕು, ಇಲ್ಲದಿದ್ದರೆ ಇನ್ನೊಬ್ಬರನ್ನು ಎತ್ತುವುದಿರಲಿ, ತನ್ನನ್ನು ತಾನೇ ಎತ್ತಿಕೊಳ್ಳಲಾಗದ ಕಾಲ ಬರುತ್ತದೆ. ಅನ್ನ, ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ ಕಡಿಮೆ ಮಾಡು ಎಂದರು. ಇವಳು ಕಡಿಮೆ ಮಾಡಲಿಲ್ಲ, ಒಂದೇ ಏಟಿಗೆ ಬಿಟ್ಟೇಬಿಟ್ಟಳು. ಅವಳ ಸ್ವಭಾವವೇ ಹಾಗೆ. ಮೊಟ್ಟೆ, ಮಾಂಸ, ಒಂದಿಷ್ಟು ಸೌತೆಕಾಯಿ, ಅಷ್ಟೇ. ನಮಗೆಲ್ಲ ಅನ್ನ ಬಡಿಸಿ ತಾನು ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಾ ಕೂರುವಾಗ ಅವಳ ಕಣ್ಣು ನಮ್ಮ ತಟ್ಟೆಯ ಮೇಲೆಯೇ ಇರುತ್ತಿತ್ತು.

ಕೆಲವು ದಿನ ಕಳೆಯುವುದರೊಳಗೆ ಮನೆಯಲ್ಲಿ ವಾಸನೆ ಶುರುವಾಯಿತು. ಕೊಳೆಯಲು ಬಂದ ಹಣ್ಣನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಆಮೇಲೆ ತೆರೆದಂತೆ; ಉಗುರಿನ ಬಣ್ಣ ಅಳಿಸುವ ನೀರಿನಂತೆಯೂ ಒಂದು ಘಾಟು. ನಾವು ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ಏಕೆಂದರೆ ಅಂಥ ವಾಸನೆಗೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಒಬ್ಬ ವಾರಸುದಾರನಿದ್ದ. ನನ್ನ ಮಗ ಮರದ ಸಾಮಾನಿಗೆ ಪಾಲಿಶ್ ಹೊಡೆಯುವವನು. ಪಾಲಿಶ್ ತೆಳುಮಾಡುವ ಘಾಟಿನ ತಿನ್ನರಿನಲ್ಲಿ ದಿನವಿಡೀ ಕೈ ಅದ್ದುವವನು. ಬೈಗುಳವೆಲ್ಲ ಅವನಿಗೇ ಹೋಯಿತು. ಬಟ್ಟೆ ಹೊರಗೆ ಬಿಚ್ಚಿಡು ಎಂದಳು ಹೆಂಡತಿ. ಬಿಚ್ಚಿಟ್ಟ. ಸ್ನಾನ ಮಾಡದೆ ಒಳಗೆ ಕಾಲಿಡಬೇಡ ಎಂದಳು. ಒಳಗೆ ಬಾರದೆ ಬಚ್ಚಲಿಗೆ ಹೋಗುವುದು ಹೇಗೆಂದು ಕೇಳಿದ, ಅದಕ್ಕೂ ಬೈಸಿಕೊಂಡ. ಪಾಪ, ಅಂಗೈ ಕೆಂಪಗಾಗುವವರೆಗೆ ಉಜ್ಜಿಕೊಂಡ. ವಾಸನೆ ಮಾತ್ರ ಹಾಗೇ ಇತ್ತು.

ಆಮೇಲೆ ಅವನಿಗೆ ಜ್ವರ ಬಂದು ಕೆಲವು ದಿನ ಕೆಲಸಕ್ಕೆ ಹೋಗಲಿಲ್ಲ. ಮಲಗಿದ್ದ ಜಾಗದಿಂದಲೇ ಒಂದು ಸಂಜೆ ಅಂದ:

"ಅಮ್ಮಾ, ಅಂಗಡಿಗೆ ಹೋಗಿಲ್ಲ, ತಿನ್ನರ್ ಮುಟ್ಟಿಲ್ಲ. ಇನ್ನೂ ನಾನೇ ಕಳ್ಳನಾ? ಇವಳು ಬಾಗಿಲು ದಾಟಿ ಒಳಗೆ ಬಂದಾಗಲೇ ಬರುತ್ತೆ ಅದು. ಬೇಕಾದ್ರೆ ಮೂಸಿ ನೋಡು."

ತಮಾಷೆಗೆ ಅಂದಿದ್ದ. ಸೊಸೆ ಚೀಲ ಕೆಳಗಿಟ್ಟು, ತನ್ನ ಕುತ್ತಿಗೆಯ ಹತ್ತಿರದ ಬಟ್ಟೆ ಎತ್ತಿ ಮೂಸಿಕೊಂಡಳು. ಅಂಗೈಗೆ ಉಸಿರು ಬಿಟ್ಟು ಮೂಸಿಕೊಂಡಳು. ಮುಖ ಚಿಕ್ಕದಾಯಿತು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನೀರು ಬೀಳುವ ಸದ್ದು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಹೊರಗೆ ಬಂದ ಮೇಲೆ ನಿಜ ಹೇಳಿದಳು. ಹಿರಿಯಮ್ಮ ಆಗಲೇ ಕೆಲವು ದಿನಗಳಿಂದ ಅವಳ ಕೈ ಮೂಸಿ ಸುಮ್ಮನಾಗಿಬಿಡುತ್ತಿದ್ದಾರೆ. ಹೆಸರು ಕರೆಯುತ್ತಿಲ್ಲ. ಊಟಕ್ಕೆ ಕುಳಿತರೆ ಬಾಯಿ ಬಿಗಿಹಿಡಿಯುತ್ತಾರೆ. ವಯಸ್ಸಿನ ಹಟ, ಹೋಗುತ್ತದೆ ಎಂದುಕೊಂಡಿದ್ದಳಂತೆ.

ಅಲ್ಲಿಂದ ಶುರುವಾಯಿತು ಅವಳ ಒದ್ದಾಟ. ನಿಂಬೆ ವಾಸನೆಯ ಹೊಸ ಸೋಪು ತಂದಳು. ಎರಡು ಹೊತ್ತು ಸ್ನಾನ. ಮೈಗೆಲ್ಲ ಪೌಡರು. ತಲೆಗೆ ಘಮಘಮ ಎನ್ನುವ ಬೇರೆ ಎಣ್ಣೆ. ದವಡೆಯಲ್ಲಿ ಲವಂಗ. ಮರುದಿನ ಹಿರಿಯಮ್ಮ ಅವಳ ಕೈ ಎಳೆದು ಮೂಸಿ, "ಇದ್ಯಾರು? ಅಂಗಡಿಗೆ ಅಂಗಡಿನೇ ಎದ್ದು ಬಂದ ಹಾಗಿದೆ" ಎಂದು ಕೈಯನ್ನು ಆಚೆ ನೂಕಿದರಂತೆ.

ಪಾಪ, ಅವಳಿಗೆ ಹೊಳೆಯಲಿಲ್ಲ. ಬಾಯಿಯ ಘಾಟೊಂದು ಹೊಸದಾಗಿ ಸೇರಿತ್ತು, ನಿಜ. ಆದರೆ ಉಳಿದದ್ದೆಲ್ಲ, ಆ ಹಳೆಯ ಸೋಪು, ಅದೇ ಎಣ್ಣೆ, ಕೆಲಸದ ಬೆವರು, ಇನ್ನೂ ಗುಬ್ಬಿಯದೇ ಆಗಿತ್ತು. ಅದನ್ನೂ ತಾನೇ ತಿಕ್ಕಿ ತೊಳೆದು ಹಾಕಿದಳು. ಸಾಲದ್ದಕ್ಕೆ, ಹಿರಿಯಮ್ಮ ಯಾರೆಂದು ಕೇಳಿದಾಗಲೆಲ್ಲ ಬಗ್ಗಿ, ಅವರ ಕಿವಿಗೆ ಬಾಯಿಟ್ಟು, "ನಾನೇ ಅಮ್ಮಾ, ಗುಬ್ಬಿ" ಎಂದು ಕೂಗುತ್ತಿದ್ದಳು. ಹಾಗೆ ಕೂಗಿದಷ್ಟೂ ಆ ಉಸಿರು ಅವರ ಮುಖಕ್ಕೇ ಬಡಿಯುತ್ತಿತ್ತು. ತಾನೇ ಎಂದು ಸಾಧಿಸಲು ಹೋದಷ್ಟೂ ಬೇರೆಯವಳಾಗುತ್ತಾ ಹೋದಳು.

ಒಂದು ದಿನ ಹಿರಿಯಮ್ಮ ಅವಳ ಎರಡು ಅಂಗೈಗಳನ್ನೂ ಬಹಳ ಹೊತ್ತು ಸವರಿ ನೋಡಿದರಂತೆ. ಆಮೇಲೆ ಹೆದರಿದ ದನಿಯಲ್ಲಿ ಕೇಳಿದರಂತೆ:

"ಕೈ ಅವಳದೇ. ಅವಳ ಕೈ ನಿಂಗೆ ಹೇಗೆ ಬಂತು? ಅವಳನ್ನ ಏನು ಮಾಡಿದೆ?"

ಅಂದು ಸಂಜೆ ಸೊಸೆ ಅದನ್ನು ನನಗೆ ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಎರಡನ್ನೂ ಮಾಡಲಿಲ್ಲ. ಬಕೆಟ್ಟಿನಲ್ಲಿದ್ದ ತನ್ನ ಪಾದಗಳನ್ನು ನೋಡುತ್ತಾ ಕುಳಿತಳು. ಹಿರಿಯಮ್ಮ ಹಗಲು ಹೊತ್ತು ಒಂದು ತುತ್ತೂ ತಿನ್ನದೆ, ಸಂಜೆ ಮಗಳು ಬಂದ ಮೇಲೆ ಮಾತ್ರ ತಿನ್ನುತ್ತಿದ್ದಾರೆ, ಸೊರಗುತ್ತಿದ್ದಾರೆ. ಟೀಚರಕ್ಕ ಬೈಯಲಿಲ್ಲವಂತೆ. ಬೈದಿದ್ದರೆ ವಾಸಿಯಿತ್ತು. ಕುರ್ಚಿ ಎಳೆದು ಕೂರಿಸಿ, ಮೆಲ್ಲಗೆ ಹೇಳಿದರಂತೆ: "ನಿನ್ನ ಬಿಡೋಕೆ ನಂಗೆ ಮನಸ್ಸಿಲ್ಲ ಕಣಮ್ಮ. ಆದ್ರೆ ಅಮ್ಮ ಹೀಗೆ ಹಸ್ಕೊಂಡಿದ್ರೆ ನಾನು ಶಾಲೆಲಿ ಹೇಗೆ ನಿಲ್ಲಲಿ? ಇನ್ನೊಂದಿಷ್ಟು ದಿನ ನೋಡ್ತೀನಿ. ಆಮೇಲೆ ಬೇರೆ ಯಾರನ್ನಾದ್ರೂ ಹುಡುಕಬೇಕಾಗುತ್ತೆ."

ಮರುದಿನ ನಾನೇ ಅವಳನ್ನು ಎಬ್ಬಿಸಿಕೊಂಡು ಕ್ಲಿನಿಕ್ಕಿಗೆ ಹೋದೆ. ಅವಳಿಗೆ ನಾಚಿಕೆ, ಏನೋ ಕೆಟ್ಟ ರೋಗ ಬಂದಿದೆ ಎಂದೇ ತಿಳಿದಿದ್ದಳು. ಡಾಕ್ಟರಮ್ಮ ಮೊದಲು ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಇರಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಅನ್ನ, ಬ್ರೆಡ್ಡು ಸಿಗದಿದ್ದಾಗ ಮೈಯೊಳಗಿನ ಕೊಬ್ಬೇ ಕರಗಿ ಉರಿಯುತ್ತದಂತೆ, ಅದರ ವಾಸನೆ ಉಸಿರಿನಲ್ಲಿ, ಬೆವರಿನಲ್ಲಿ, ಮೂತ್ರದಲ್ಲಿ ಹೊರಗೆ ಬರುತ್ತದಂತೆ. ಕೆಲವರಿಗೆ ಕಡಿಮೆ, ಕೆಲವರಿಗೆ ಜಾಸ್ತಿ. ಮೈ ಒಗ್ಗಿಕೊಂಡ ಮೇಲೆ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ, ನೀರು ಚೆನ್ನಾಗಿ ಕುಡಿ, ಬರೀ ಮೊಟ್ಟೆ ಮಾಂಸ ತಿನ್ನಬೇಡ, ಸೊಪ್ಪು ತರಕಾರಿ ಸೇರಿಸು ಎಂದರು. ಕಡಿಮೆ ಮಾಡು ಅಂದರೆ ಪೂರ್ತಿ ಬಿಡು ಅಂತ ಯಾರು ಹೇಳಿದರು ಎಂದು ಗದರಿಸಿದರು ಕೂಡ. ಎಷ್ಟು ದಿನಕ್ಕೆ ಇಳಿಯುತ್ತದೆ ಎಂದು ಕೇಳಿದರೆ, ಕೆಲವು ವಾರ ಹಿಡಿಯಬಹುದು ಎಂದರು.

ಟೀಚರಕ್ಕ ಕೊಟ್ಟ ಗಡುವಿನಲ್ಲಿ ಅಷ್ಟು ವಾರಗಳಿರಲಿಲ್ಲ.

ಅಂದು ಊಟಕ್ಕೆ ಮಗ ಅವಳ ಮುಂದೆ ಅನ್ನದ ತಟ್ಟೆ ಇಟ್ಟ. ಬಿಸಿ ಅನ್ನ, ಹಬೆ ಏಳುತ್ತಿತ್ತು. ತಿಂದುಬಿಟ್ಟರೆ ವಾಸನೆ ಹೋಗುತ್ತದೆ, ಕೆಲಸ ಉಳಿಯುತ್ತದೆ. ಅವಳು ತಟ್ಟೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ನಿನ್ನೆ ಆ ಮನೆ ಮೆಟ್ಟಿಲು ಹತ್ತುವಾಗ ಎಲ್ಲೂ ನಿಲ್ಲಲಿಲ್ಲ ನಾನು," ಎಂದಳು. "ಇದನ್ನ ತಿಂದು ಕೆಲಸ ಉಳಿಸ್ಕೊಂಡ್ರೆ, ಮಂಡಿ ಹೋದ್ಮೇಲೆ ಅದೇ ಕೆಲಸಾನ ಏನು ತೆವಳ್ಕೊಂಡು ಹೋಗಿ ಮಾಡ್ಲಾ?"

ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಕೋಪದಿಂದಲ್ಲ, ಸುಸ್ತಿನಿಂದ.

ಆ ಸುಸ್ತೇ ಕೊನೆಗೆ ದಾರಿ ತೋರಿಸಿತು ಎನ್ನಬೇಕು. ಮರುದಿನ ಅವಳು ನಿಂಬೆ ಸೋಪು ಹಚ್ಚಲಿಲ್ಲ, ಪೌಡರೂ ಇಲ್ಲ, ಲವಂಗವೂ ಇಲ್ಲ. ಹೇಗಿದ್ದಳೋ ಹಾಗೇ ಹೋದಳು. ಹಿರಿಯಮ್ಮ ಕೈ ಮೂಸಿ ಎಂದಿನಂತೆ ಯಾರೆಂದು ಕೇಳಿದರು. ನಾನೇ ಗುಬ್ಬಿ ಎಂದು ಮತ್ತೊಂದು ಸಲ ಕೂಗುವ ಶಕ್ತಿ ಇವಳಿಗೆ ಉಳಿದಿರಲಿಲ್ಲ.

"ನಾನು ಹೊಸಬಳು ಅಮ್ಮಾ," ಎಂದಳಂತೆ ಕಿವಿಯಲ್ಲಿ. "ಗುಬ್ಬಿಗೆ ಮಂಡಿ ನೋವು, ರಜೆ ಹಾಕಿದ್ದಾಳೆ. ನೀವು ಹೇಗೆ ಊಟ ಮಾಡ್ತೀರಿ ಅಂತ ಎಲ್ಲ ಹೇಳಿ ಕಳ್ಸಿದ್ದಾಳೆ."

ಹಿರಿಯಮ್ಮ ಯೋಚಿಸಿದರು. "ಮೊದಲೇ ಹೇಳೋಕೇನಾಗಿತ್ತು ನಿಂಗೆ? ಸುಮ್ಮನೆ ಅವಳ ಹೆಸರು ಹೇಳ್ಕೊಂಡು ತಿರುಗ್ತಿದ್ದೆ" ಎಂದು ಬೈದು, ಬಾಯಿ ತೆರೆದರು.

ಸಂಜೆ ಟೀಚರಕ್ಕನಿಗೆ ಖಾಲಿ ಬಟ್ಟಲು ತೋರಿಸಿದಾಗ ಅವರು ನಂಬಲಿಲ್ಲವಂತೆ. ಹೇಗೆ ಮಾಡಿದೆ ಎಂದು ಕೇಳಿ ತಿಳಿದುಕೊಂಡ ಮೇಲೆ ಬೇರೆಯವರನ್ನು ಹುಡುಕುವ ಮಾತು ನಿಂತುಹೋಯಿತು. ಆದರೆ ಸೊಸೆಯ ಮುಖದಲ್ಲಿ ನಾನು ಅಂದುಕೊಂಡಷ್ಟು ಗೆಲುವು ಕಾಣಲಿಲ್ಲ. ತನ್ನನ್ನು ತಾನೇ ರಜೆಯ ಮೇಲೆ ಕಳಿಸಿ ಬಂದವಳ ಹಾಗಿದ್ದಳು.

ಹೊಸಬಳಿಗೆ ಹಿರಿಯಮ್ಮ ಗುಬ್ಬಿಯ ಬಗ್ಗೆ ಹೇಳತೊಡಗಿದರು. ಅವಳು ತಲೆ ಬಾಚುವಾಗ ಎಳೆಯುತ್ತಾಳೆ. ಸೂಪಿಗೆ ಉಪ್ಪು ಹಾಕಲು ಕೈ ಹಿಂದೆ. ಸುಳ್ಳಿ, ಮಾತ್ರೆ ಪುಡಿ ಮಾಡಿ ಹಾಲಿನಲ್ಲಿ ಹಾಕಿ ಬರೀ ಹಾಲು ಎನ್ನುತ್ತಾಳೆ, ನನಗೆ ಗೊತ್ತಿಲ್ಲವೇ. ಇವನ್ನೆಲ್ಲ ಸೊಸೆ ಸಂಜೆ ನಮಗೆ ಒಪ್ಪಿಸುವಾಗ ಮಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಕೊನೆಗೂ ಸರಿಯಾಗಿ ಹೇಳುವವರೊಬ್ಬರು ಸಿಕ್ಕರು ಎನ್ನುತ್ತಿದ್ದ. ಆದರೆ ಒಂದು ಮಾತನ್ನು ಅವಳು ಅವನ ಮುಂದೆ ಹೇಳಲಿಲ್ಲ, ಪಾತ್ರೆ ಒರೆಸುತ್ತಾ ನನಗೆ ಮಾತ್ರ ಹೇಳಿದಳು. ಸ್ನಾನ ಮಾಡಿಸುವಾಗ ಗುಬ್ಬಿ ಕಣ್ಣು ಮುಚ್ಚಿಕೊಳ್ಳುತ್ತಾಳೆ ಎಂದರಂತೆ ಹಿರಿಯಮ್ಮ. ನಿಮಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಅವಳ ಕೈ ತಡವರಿಸುತ್ತದೆ, ಕಾಣುವವರ ಕೈ ಹಾಗೆ ತಡವರಿಸುವುದಿಲ್ಲ ಎಂದರಂತೆ.

"ನಿಜವಾ?" ಎಂದೆ.

"ಅವರಿಗೆ ಸಂಕೋಚ ಆಗಬಾರದು ಅಂತ ಅತ್ತೆ. ಕಾಣಲ್ಲ ಅವರಿಗೆ, ನಂಗೂ ಕಾಣದೇ ಇರಲಿ ಅಂತ. ಯಾರಿಗೂ ಹೇಳಿರಲಿಲ್ಲ."

ಸೊಪ್ಪು, ತರಕಾರಿ, ನೀರು, ಡಾಕ್ಟರಮ್ಮ ಹೇಳಿದಂತೆ ಒಂದು ಹಿಡಿ ಅನ್ನ. ವಾರ ಕಳೆದಂತೆ ಘಾಟು ಇಳಿಯಿತು. ನಮ್ಮ ಮನೆಯಲ್ಲಿ ಈಗ ತಿನ್ನರ್ ವಾಸನೆ ಬಂದರೆ ಅದು ತಿನ್ನರಿನದೇ. ಮೈಭಾರ ಮೊದಲಿನಷ್ಟು ಬೇಗ ಇಳಿಯುತ್ತಿಲ್ಲ, ಆದರೆ ಏರುತ್ತಲೂ ಇಲ್ಲ. ಬಿಸಿನೀರಿನ ಬಕೆಟ್ಟು ಮಾತ್ರ ತಪ್ಪಿಲ್ಲ.

ಹಿರಿಯಮ್ಮ ಗೊಂದಲಕ್ಕೆ ಬಿದ್ದರು. ಒಂದು ಬೆಳಿಗ್ಗೆ ಕೈ ಮೂಸಿ, ಇನ್ನೊಮ್ಮೆ ಮೂಸಿ, "ಬಂದ್ಯಾ?" ಎಂದರಂತೆ. ಬಂದೆ ಎಂದಳು ಇವಳು. ಹಿರಿಯಮ್ಮ ಅವಳ ಕೈ ಬಿಡಲಿಲ್ಲ.

"ಹಾಗಾದ್ರೆ ಆ ಹುಡುಗಿನ ಕಳ್ಸಿಬಿಡ್ತಾರಾ? ಬೇಡ ಅಂತ ಹೇಳು. ಅವಳ ಬಾಯಿ ನಾರುತ್ತಿತ್ತು, ಪಾಪ, ಏನು ಕಷ್ಟವೋ ಏನೋ. ಆದ್ರೂ ನಾನು ನಿನ್ನ ಬೈದಿದ್ದೆಲ್ಲ ಸುಮ್ನೆ ಕೇಳಿಸ್ಕೊಂಡ್ಲು."

ಇವಳು ಬಗ್ಗಿದಳು. ಕಳಿಸುವುದಿಲ್ಲ, ಅವಳೂ ಬರುತ್ತಾಳೆ ಎಂದು ಕಿವಿಯಲ್ಲಿ ಕೂಗಿದಳಂತೆ.

ಈಗ ಹಾಗೇ ನಡೆದಿದೆ. ಕೆಲವು ದಿನ ಹಿರಿಯಮ್ಮನಿಗೆ ಗುಬ್ಬಿ ಬೇಕು, ಕೆಲವು ದಿನ ಗುಬ್ಬಿಯನ್ನು ದೂರಲು ಹೊಸಬಳು ಬೇಕು. ಯಾರನ್ನು ಕರೆದರೂ ಇವಳೇ ಓ ಎನ್ನುತ್ತಾಳೆ. ಹೊಸಬಳನ್ನು ಕರೆದಾಗ ಹಿರಿಯಮ್ಮ ಕೈ ಮೂಸಲು ಹೋಗುವುದಿಲ್ಲವಂತೆ. ನಿನ್ನೆ ಸಂಜೆ ಬಂದವಳೇ ಗೋಡೆಗೊರಗಿ ಕುಳಿತಳು. ಬಕೆಟ್ಟು ತಂದಿಟ್ಟೆ. ಹೇಗಿತ್ತು ಇವತ್ತು ಎಂದು ಕೇಳಿದೆ.

"ಬೆಳಿಗ್ಗೆ ಗುಬ್ಬಿ, ಮಧ್ಯಾಹ್ನದ ಮೇಲೆ ಹೊಸಬಳು," ಎಂದಳು. "ಇಬ್ಬರಿಗೂ ಕಾಲು ನೋಯ್ತಿದೆ ಅತ್ತೆ."