ಏಳು ಗಂಟೆಗೆ ಒಳಗಿದ್ದ ನನ್ನ ಹೆಸರು

ಮೊನ್ನೆ ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಕೂತಿದ್ದೆ. ಪಕ್ಕದ ಹೆಂಗಸು ಚೀಲದಿಂದ ಪುಟ್ಟ ಡಬ್ಬಿ ತೆಗೆದು ಹಣೆಗೆ ತಲೆನೋವಿನ ಮುಲಾಮು ತಿಕ್ಕಿಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹಳೆಯ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಸಿಸ್ಟಮ್ ಸಾರ್ ನೆನಪಾದರು. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿಕೊಂಡು ಸರ್ವರ್ ಕೋಣೆಯ ಏಸಿಯಲ್ಲಿ ಕೂತಿರುತ್ತಿದ್ದ ಮನುಷ್ಯ. ಆ ಕೋಣೆಯ ಬಾಗಿಲು ತೆರೆದರೆ ಮೊದಲು ಚಳಿ, ಹಿಂದೆಯೇ ಮುಲಾಮಿನ ವಾಸನೆ...

ಸಾರಕ್ಕಿ ಮಾರ್ಕೆಟ್ಟಿನ ಹಿಂದೆ, ಒಂದು ಬೇಕರಿಯ ಮೇಲಿನ ಎರಡು ಮಹಡಿಗಳಲ್ಲಿ ನಮ್ಮ ಆಫೀಸು. ಪಠ್ಯಪುಸ್ತಕ, ಪ್ರಶ್ನೆಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಪುಟ ಕಟ್ಟಿ ಕೊಡುವ ಕೆಲಸ. ಕರೆಂಟು ಹೋದರೆ ಯುಪಿಎಸ್ ಸ್ವಲ್ಪ ಹೊತ್ತು ಮಾತ್ರ ತಡೆಯುತ್ತಿತ್ತು. ಅಷ್ಟರೊಳಗೆ ಯಾರ ಕೆಲಸ ಅರ್ಧಕ್ಕೆ ನಿಂತಿದೆ ಎಂದು ತಿಳಿಯಲು ಸಿಸ್ಟಮ್ ಸಾರ್ ಸರ್ವರಿನಲ್ಲಿ ಒಂದು ಸರ್ವಿಸ್, ಅಂದರೆ ಪುಟ್ಟ ಪ್ರೋಗ್ರಾಮ್, ಓಡಿಸುತ್ತಿದ್ದರು. ಒಂದು ಪದ ಟೈಪ್ ಮಾಡಿದರೆ ಸಾಕು, ಯಾವ ಕಂಪ್ಯೂಟರಿನಲ್ಲಿ ಯಾರು ಲಾಗಿನ್ ಆಗಿದ್ದಾರೆ, ಯಾವಾಗಿನಿಂದ ಇದ್ದಾರೆ, ಕೀಲಿ ಒತ್ತುತ್ತಿದ್ದಾರೋ ಸುಮ್ಮನಿದ್ದಾರೋ, ಎಲ್ಲವೂ ಪರದೆಯ ಮೇಲೆ ಬರುತ್ತಿತ್ತು. ಅದರ ಮೇಲೆ ಅವರಿಗೆ ಇನ್ನಿಲ್ಲದ ಜಂಬ. ಕರೆಂಟು ಹೋದೊಡನೆ ಇಂಟರ್‌ಕಾಮಿನಲ್ಲಿ, "ಮೇಡಂ, ಇನ್ನೂ ಒಳಗೇ ಇದೀರ. ಸೇವ್ ಮಾಡಿ," ಎಂದು ಗದರುತ್ತಿದ್ದರು.

ಆ ಪದ ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಆಫೀಸಿನಲ್ಲಿ ಯಾರೂ ಯಾರನ್ನೂ ನಂಬದ ಹಾಗಾಯಿತು. ಊಟಕ್ಕೆ ಹೋದವರು ಎಷ್ಟು ಹೊತ್ತು ಬರಲಿಲ್ಲ ಎಂದು ಕೆಳಗಿನ ಮಹಡಿಯವರು ಮೇಲಿನವರನ್ನು ನೋಡುವುದು, ಮೇಲಿನವರು ಕೆಳಗಿನವರನ್ನು ನೋಡುವುದು. ನನಗೆ ಮೊದಲೇ ಅನುಮಾನದ ಬುದ್ಧಿ. ಹಾಲಿನವನು ಲೀಟರ್ ಅಳೆಯುವಾಗಲೂ ಕಣ್ಣು ಕೀಲಿಸಿ ನಿಲ್ಲುವವಳು ನಾನು. ಈ ಮನುಷ್ಯ ಮಫ್ಲರ್ ಸುತ್ತಿಕೊಂಡು ನಮ್ಮೆಲ್ಲರ ಮೇಲೆ ಕಣ್ಣಿಟ್ಟು ಮ್ಯಾನೇಜರಿಗೆ ಚಾಡಿ ಹೇಳುತ್ತಾರೆಂದೇ ನಂಬಿದ್ದೆ. ಮ್ಯಾನೇಜರು ಜಯನಗರದ ತಮ್ಮ ಮನೆಯಿಂದಲೇ ಇದನ್ನು ನೋಡುವ ಹಾಗೆ ಮಾಡಿಸಿಕೊಂಡಿದ್ದಾರೆ ಎಂದು ತಿಳಿದ ಮೇಲೆ ಸಾರ್ ಎದುರು ಸಿಕ್ಕರೆ ನಗುವುದನ್ನೂ ಬಿಟ್ಟೆ.

ಆದರೆ ಆ ಸರ್ವಿಸ್ಸಿಗೆ ತಿಳಿಯದ ಪದ್ಧತಿಯೊಂದು ನಮ್ಮಲ್ಲಿತ್ತು. ಬೆಳಿಗ್ಗೆ ಲಾಗಿನ್ ಆಗಲು ತುಂಬಾ ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಮೊದಲು ಬಂದವರು ಪಕ್ಕದವರ ಕಂಪ್ಯೂಟರನ್ನೂ ಅವರ ಹೆಸರಿನಲ್ಲೇ ತೆರೆದಿಡುತ್ತಿದ್ದರು. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಹಾಗೆ. ನನ್ನದು ಉತ್ತರಹಳ್ಳಿ ಬಸ್ಸು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ನನ್ನ ಪಾಸ್‌ವರ್ಡ್ ಪಕ್ಕದ ಸೀಟಿನ ಗೆಳತಿಗೆ ಬಾಯಿಪಾಠ, ಅವಳದು ನನಗೆ. ಸಂಜೆ ಲಾಗೌಟ್ ಮಾಡುವ ಅಭ್ಯಾಸವಂತೂ ಯಾರಿಗೂ ಇರಲಿಲ್ಲ.

ಒಂದು ಸಲ ಯಾವುದೋ ಕೋಚಿಂಗ್ ಸಂಸ್ಥೆಯ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮುಂಚೆಯೇ ಮಕ್ಕಳ ಮೊಬೈಲಿಗೆ ಬಂದುಬಿಟ್ಟಿತು. ಪುಟ ಕಟ್ಟಿದವರು ನಾವೇ. ಫೈಲ್ ಹೊರಗೆ ಹೋದದ್ದು ಹಿಂದಿನ ವಾರದ ಒಂದು ಸಂಜೆ ಏಳರ ಸುಮಾರಿಗೆ, ನನ್ನ ಕಂಪ್ಯೂಟರಿನಿಂದ, ನನ್ನ ಹೆಸರಿನಲ್ಲಿ. ಮ್ಯಾನೇಜರು ಕರೆಸಿದರು.

"ಏಳು ಗಂಟೇಲಿ ನಿಮ್ಮ ಹೆಸರಿತ್ತು ಮೇಡಂ. ಕೀ ಒತ್ತುತಾನೂ ಇದ್ರಿ. ನಾನೇ ಮನೇಲಿ ಕೂತು ನೋಡಿದೀನಿ."

"ನಾನು ಆರಕ್ಕೇ ಬಸ್ ಹತ್ತಿದ್ದೆ ಸಾರ್."

"ಟಿಕೆಟ್ ಇದ್ಯಾ?"

ನನ್ನ ಹತ್ತಿರ ಇದ್ದದ್ದು ತಿಂಗಳ ಪಾಸು. ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ಅದು ಹೇಳುವುದಿಲ್ಲ. ಗೆಳತಿಯಾದರೂ ಸಾಕ್ಷಿ ಹೇಳುತ್ತಾಳೆಂದು ನೋಡಿದರೆ, ತಾನು ಆ ದಿನ ಐದೂವರೆಗೇ ಹೊರಟಿದ್ದೆ, ಆಮೇಲಿನದು ಗೊತ್ತಿಲ್ಲ ಎಂದಳು. ಆಗ ನನ್ನ ಯಜಮಾನರಿಗೆ ಕೆಲಸವಿರಲಿಲ್ಲ. ನನ್ನ ಸಂಬಳದಲ್ಲೇ ಮನೆ ನಡೆಯುತ್ತಿತ್ತು. ಕಳ್ಳಿ ಎನಿಸಿಕೊಂಡು ಹೊರಬಿದ್ದರೆ ಇನ್ನೆಲ್ಲೂ ಕೆಲಸ ಸಿಗುತ್ತಿರಲಿಲ್ಲ.

ದೃಢಪಡಿಸಲೆಂದು ಸಿಸ್ಟಮ್ ಸಾರನ್ನು ಕರೆದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ತಮ್ಮ ಮುದ್ದಿನ ಸರ್ವಿಸ್ಸು ಸುಳ್ಳು ಎಂದು ಈ ಮನುಷ್ಯ ಹೇಳುತ್ತಾರೆಯೇ? ಅವರು ಮ್ಯಾನೇಜರ ಕೀಬೋರ್ಡ್ ಎಳೆದುಕೊಂಡು ಆ ಪದ ಟೈಪ್ ಮಾಡಿದರು. ಪರದೆಯ ಮೇಲೆ ಸಾಲುಸಾಲು ಹೆಸರು. ಒಂದರ ಮೇಲೆ ಬೆರಳಿಟ್ಟರು.

"ಸಾರ್, ನೀವು ಈಗ ಕೆಳಗಡೆ ರಿಸೆಪ್ಷನ್‌ನಲ್ಲಿ ಕೆಲಸ ಮಾಡ್ತಿದೀರಾ?"

ಪ್ರಿಂಟ್ ತೆಗೆಯಲೆಂದು ಮ್ಯಾನೇಜರು ತಮ್ಮ ಪಾಸ್‌ವರ್ಡನ್ನು ರಿಸೆಪ್ಷನ್ ಹುಡುಗಿಗೆ ಕೊಟ್ಟಿದ್ದು ಎಲ್ಲರಿಗೂ ಗೊತ್ತಿದ್ದ ವಿಷಯ. ಅವರ ಮುಖ ಕೆಂಪಾಯಿತು. ಸಾರ್ ಮುಂದುವರಿಸಿದರು. "ಯಾರ ಹೆಸರಲ್ಲಿ ಬಾಗಿಲು ತೆಗ್ದಿದೆ ಅಂತ ಇದು ಹೇಳತ್ತೆ. ಒಳಗೆ ಕೂತಿರೋದು ಯಾರು ಅಂತ ಇದಕ್ಕೇನು ಗೊತ್ತು? ಇದನ್ನ ನಂಬ್ಕೊಂಡು ಮೇಡಂನ ಕಳಿಸಬೇಡಿ."

ಮ್ಯಾನೇಜರು ನಿಧಾನವಾಗಿ ಕೇಳಿದರು. "ಹಂಗಾದ್ರೆ, ಯಾರ ಬಾಗಿಲು ಬೇಕಾದ್ರೂ ತೆಗೆಯೋಕೆ ಆಗೋದು ಯಾರಿಗೆ?"

"ನನಗೆ," ಎಂದರು ಸಿಸ್ಟಮ್ ಸಾರ್.

ನನ್ನ ತಲೆಯ ಮೇಲಿದ್ದ ಕತ್ತಿ ಅಲ್ಲಿಂದೆದ್ದು ಅವರ ತಲೆಯ ಮೇಲೆ ಹೋಗಿ ನಿಂತಿತು. ಈ ಪ್ರಶ್ನೆ ಬಂದೇ ಬರುತ್ತದೆಂದು ಅವರಿಗೆ ತಿಳಿದಿರಲಿಲ್ಲವೇ? ತಿಳಿಯದಷ್ಟು ದಡ್ಡರಲ್ಲ. ಅದೇ ವಾರ ಅವರನ್ನು ಕೆಲಸದಿಂದ ಬಿಡಿಸಿದರು. ರುಜುವಾತು ಏನೂ ಇರಲಿಲ್ಲ, ಅನುಮಾನವೇ ಸಾಕಾಯಿತು. ಕೊನೆಯ ದಿನ ಆ ಸರ್ವಿಸ್ಸನ್ನು ತಾವೇ ನಿಲ್ಲಿಸಿ, ಮಫ್ಲರ್ ಮಡಿಸಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದರು. ನಾನು ಏನೋ ಹೇಳಲು ಹೋದೆ. ಅವರು ಬಿಡಲಿಲ್ಲ. "ಪಾಸ್‌ವರ್ಡ್ ಚೇಂಜ್ ಮಾಡಿ ಮೇಡಂ. ಯಾರಿಗೂ ಹೇಳಬೇಡಿ. ಯಾರಿಗೂ ಅಂದ್ರೆ ಯಾರಿಗೂ," ಎಂದು ಎಂದಿನಂತೆ ಗದರಿ ಹೋದರು.

ಅಷ್ಟಾದರೂ ನನ್ನ ಹಾಳು ಬುದ್ಧಿ ಸುಮ್ಮನಾಗಲಿಲ್ಲ. ಆಗಾಗ ಕೆಣಕುತ್ತಲೇ ಇತ್ತು. ಅವರೇ ಮಾಡಿ, ಮನಸ್ಸು ತಡೆಯದೆ ನನ್ನನ್ನು ಪಾರು ಮಾಡಿರಬಹುದೇ? ಆದರೆ ಕದ್ದವರಾಗಿದ್ದರೆ ತೆಪ್ಪಗಿರುತ್ತಿದ್ದರು, ಹೇಗೂ ನಾನು ಸಿಕ್ಕಿಬಿದ್ದಿದ್ದೆ. ಒಂದು ದಿನ ಹೀಗೆ, ಇನ್ನೊಂದು ದಿನ ಹಾಗೆ...

ಮೊನ್ನೆ ಮೆಟ್ರೋ ಇಳಿದು ಮನೆಗೆ ಬಂದವಳು, ತಡೆಯಲಾರದೆ ಆ ಹಳೆಯ ಗೆಳತಿಗೆ ಫೋನ್ ಮಾಡಿದೆ. ಈಗ ಅವಳಿರುವುದು ಬಿಟಿಎಂನಲ್ಲಿ. ಸಿಸ್ಟಮ್ ಸಾರ್ ಎಲ್ಲಿದ್ದಾರೆ, ಗೊತ್ತಾ ಎಂದು ಕೇಳಿದೆ.

"ಅಯ್ಯೋ, ಅವ್ರು ಹೋಗ್ಬಿಟ್ರಲ್ಲೇ. ಹೋದ ವರ್ಷಾನೇ. ನಿಂಗ್ಯಾರೂ ಹೇಳಲಿಲ್ವಾ?"

ಪಾಪ, ಸುಮ್ಮನೆ ಅಪವಾದ ಹೊತ್ತುಕೊಂಡು ಹೋದರು ಎಂದೆ. ಅವಳು ಒಪ್ಪಲಿಲ್ಲ.

"ಸುಮ್ನೆ ಏನಲ್ಲ ಕಣೇ, ಅವ್ರೇ ಮಾಡಿದ್ದು. ಅವತ್ತು ಏಳು ಗಂಟೇಲಿ ಆಫೀಸಲ್ಲಿ ಬೇರೆ ಯಾರಿದ್ರು? ಸರ್ವರ್ ರೂಮಲ್ಲಿ ಅವ್ರೊಬ್ರೇ ಲೈಟ್ ಹಾಕ್ಕೊಂಡು ಕೂತಿದ್ರು. ನಾನೇ ನೋಡಿದೀನಲ್ಲ."

ಐದೂವರೆಗೇ ಹೊರಟಿದ್ದೆ ಎಂದು ಅಂದು ಅವಳೇ ಹೇಳಿದ್ದಳಲ್ಲ! ಆ ಕಡೆ ಅವಳಿಗೂ ಅದು ಹೊಳೆದಿರಬೇಕು. ಕುಕ್ಕರ್ ಕೂಗ್ತಿದೆ, ಮತ್ತೆ ಮಾಡ್ತೀನಿ ಎಂದಳು. ನನಗೆ ಕುಕ್ಕರಿನ ಸದ್ದು ಕೇಳಿಸಲಿಲ್ಲ.

ಅವಳು ಆ ದಿನ ಐದೂವರೆಗೆ ಹೊರಟದ್ದು ನಿಜವೇ ಇರಬಹುದು. ಇಷ್ಟು ವರ್ಷವಾದ ಮೇಲೆ ದಿನಗಳು ಕಲಸಿಹೋಗಿರಬಹುದು, ಬೇರೆ ಯಾವುದೋ ಸಂಜೆ ಅವರನ್ನು ಕಂಡಿರಬಹುದು. ಹೀಗೆಂದು ಎಷ್ಟು ಸಮಾಧಾನ ಹೇಳಿಕೊಂಡರೂ ನನ್ನ ಪಾಸ್‌ವರ್ಡ್ ಅವಳಿಗೆ ಬಾಯಿಪಾಠವಿತ್ತು ಎಂಬುದು ತಲೆಯಿಂದ ಹೋಗಲಿಲ್ಲ. ನನ್ನ ಸಂಕಟ ಬೇರೆ. ಒಂದು ಕಾಲಕ್ಕೆ ನಾನೂ ಅನುಮಾನಪಟ್ಟ ಆ ಮನುಷ್ಯನಿಗೆ, ಸಾರ್, ಅದು ನೀವಲ್ಲ ಅಂತ ಈಗ ನನಗೆ ಗೊತ್ತು ಎಂದು ಒಂದೇ ಒಂದು ಸಲ ಹೇಳಬೇಕಿತ್ತು. ಕೇಳಿಸಿಕೊಳ್ಳಲು ಅವರಿಲ್ಲ.