ಕಾಯಿ ಹಿಂದಕ್ಕಿಟ್ಟ ಹೆಡ್‌ಮಾಸ್ಟರು

ನಮ್ಮ ಹೆಡ್‌ಮಾಸ್ಟರ ಅಂಗೈ ನೋಡಿದರೆ ಅದು ಸೀಮೆಸುಣ್ಣ ಹಿಡಿದ ಕೈ ಎಂದು ಯಾರೂ ನಂಬುತ್ತಿರಲಿಲ್ಲ. ಬೆರಳುಗಳ ಬುಡದಲ್ಲಿ ಜಡ್ಡು, ಗೆರೆಗಳ ತುಂಬ ತೆಂಗಿನ ಮಟ್ಟೆಯ ಕಂದು ಕರೆ. ಹುಡುಗರಾಗಿದ್ದಾಗ ಬೆಳಗ್ಗೆ ಎದ್ದು ಊರವರ ಕಾಯಿ ಸುಲಿದುಕೊಟ್ಟು ಆಮೇಲೆ ಶಾಲೆಗೆ ಓಡುತ್ತಿದ್ದರಂತೆ. ಆ ಕೈಯಲ್ಲಿ ಬೆತ್ತ ಹಿಡಿದರೆ ಹತ್ತನೇ ಕ್ಲಾಸಿನ ಗಡವರೂ ತೆಪ್ಪಗಾಗುತ್ತಿದ್ದರು. ಆದರೆ ಕೇಳದೆ ಹೊಡೆದವರಲ್ಲ. ಜಗಳವಾಡಿದ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, "ತಪ್ಪು ಮಾಡಿದೋನ ಮಾತೂ ಕೇಳ್ಬೇಕು ಕಣ್ಲಾ, ಹೇಳು" ಎನ್ನುವರು. ಹುಡುಗ ಎಷ್ಟು ಉದ್ದದ ಪುರಾಣ ಬಿಟ್ಟರೂ ಕೊನೆಯವರೆಗೆ ಕೇಳುವರು. ಆಮೇಲೆ ಹೊಡೆತ ಇದ್ದೇ ಇತ್ತು, ಅದು ಬೇರೆ ಮಾತು.

ದಬ್ಬೇಘಟ್ಟದ ಕಡೆಯ ಆ ಖಾಸಗಿ ಹೈಸ್ಕೂಲಿಗೆ ನಾನು ಗಣಿತದ ಟೀಚರಾಗಿ ಸೇರಿದಾಗ ನನಗಿನ್ನೂ ಸೀರೆ ಉಟ್ಟು ಬಸ್ಸು ಹತ್ತುವುದೇ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡಿದ್ದರು. ನೊಣವಿನಕೆರೆಯಲ್ಲಿದ್ದ ಅಮ್ಮ ಮತ್ತು ತಮ್ಮ ತಂಗಿಯರು ನನ್ನ ಸಂಬಳದ ಮೇಲೆಯೇ ಇದ್ದರು. ಶಾಲೆ ಕಟ್ಟಿಸಿದ್ದು ಆಡಳಿತ ಮಂಡಳಿಯ ಅಧ್ಯಕ್ಷರು. ದೊಡ್ಡ ತೋಟ, ಕೊಬ್ಬರಿ ವ್ಯಾಪಾರ, ಮಾತಿಗೆ ಎದುರಿಲ್ಲದ ಮನುಷ್ಯ.

ಅಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಬೇಸಿಗೆ ರಜೆ ಕೊಡುವ ದಿನ ಮೇಷ್ಟ್ರುಗಳೆಲ್ಲ ಅಧ್ಯಕ್ಷರ ಮನೆಗೆ ಹೋಗಬೇಕು. ಕೊಬ್ಬರಿ ಅಟ್ಟದ ಕೆಳಗಿನ ಜಗುಲಿಯಲ್ಲಿ ಅವರು ಒಬ್ಬೊಬ್ಬರನ್ನೇ ಕರೆದು ಎಲೆ ಅಡಿಕೆಯೊಂದಿಗೆ ತೆಂಗಿನಕಾಯಿ ಕೊಡುತ್ತಿದ್ದರು. ಕಾಯಿ ಸಿಕ್ಕಿದರೆ ಜೂನ್‌ನಲ್ಲಿ ಕೆಲಸ ಉಂಟು. ಸಿಗದಿದ್ದರೆ ಬೇರೆ ಊರು ನೋಡಿಕೊಳ್ಳಬೇಕು. ಯಾಕೆ ಎಂದು ಕೇಳುವ ರೂಢಿಯೇ ಇರಲಿಲ್ಲ.

ಎಪ್ಪತ್ತರ ದಶಕ ಅರ್ಧ ಕಳೆದಿದ್ದಾಗ ಸರ್ಕಾರದ ಹೊಸ ಕಾನೂನು ಬಂತು. ಖಾಸಗಿ ಶಾಲೆಯವರು ಆರೋಪವೇನೆಂದು ಬರೆದುಕೊಟ್ಟು ವಿಚಾರಣೆ ನಡೆಸದೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ ಎಂದು ಅದರ ತಾತ್ಪರ್ಯ. ಹೆಡ್‌ಮಾಸ್ಟರು ಅದನ್ನು ತುಮಕೂರಿನಿಂದ ತರಿಸಿ, ಸ್ಟಾಫ್ ರೂಮಿನಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬಿಡಿಸಿ ಬಿಡಿಸಿ ಓದಿ ಹೇಳಿದರು. "ನನಗೂ ಮೂಗುದಾರ ಬಿತ್ತು ಕಣ್ರಪ್ಪ. ಇನ್ಮೇಲೆ ಗಂಟೆ ಹೊಡೆಯೋದು ಮರೆತ ಜವಾನನನ್ನೂ ಕೇಳಿಯೇ ಬೈಬೇಕು" ಎಂದು ನಕ್ಕರು. ನಾವೂ ನಕ್ಕೆವು. ತುಮಕೂರಿನ ಕಾನೂನು ನಮ್ಮ ಅಧ್ಯಕ್ಷರ ಜಗುಲಿ ಹತ್ತೀತೆಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಆ ವರ್ಷ ಅಧ್ಯಕ್ಷರ ತಂಗಿಯ ಮಗ ಒಂಬತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾದ. ರಜೆಯ ದಿನ ಜಗುಲಿಯಲ್ಲಿ ಎಲ್ಲರಿಗೂ ಕಾಯಿ ಸಿಕ್ಕಿತು, ನನಗೊಬ್ಬಳಿಗೆ ಸಿಗಲಿಲ್ಲ. ಕೈ ಚಾಚಿದ್ದವಳು ಸೆರಗು ಸರಿಮಾಡಿಕೊಳ್ಳುವವಳಂತೆ ಹಿಂದಕ್ಕೆ ತೆಗೆದುಕೊಂಡೆ. ಅಮ್ಮನಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು.

ಮೊದಲು ಕಾಯಿ ತೆಗೆದುಕೊಂಡಿದ್ದ ಹೆಡ್‌ಮಾಸ್ಟರು ಮುಂದೆ ಬಂದು ತಮ್ಮ ಕಾಯಿಯನ್ನು ತಟ್ಟೆಯಲ್ಲಿ ಹಿಂದಕ್ಕಿಟ್ಟರು.

"ಏನ್ ಮೇಷ್ಟ್ರೇ, ನಾವು ಕೊಟ್ಟ ಕಾಯಿ ಬ್ಯಾಡ್ವಾ?" ಎಂದರು ಅಧ್ಯಕ್ಷರು.

"ಕಾಯಿ ಚೆನ್ನಾಗೈತೆ ಯಜಮಾನ್ರೇ. ಈ ಟೀಚರಮ್ಮನ ತಪ್ಪೇನು ಅಂತ ಬರೆದು ಕೊಡಿ, ಅವರ ಮಾತೂ ಕೇಳಿ. ಕಾನೂನು ಈಗ ಹಂಗೈತೆ. ಅಲ್ಲೀಗಂಟ ಅವರು ಶಾಲೆಗೆ ಬತ್ತಾರೆ, ನಾನು ಕ್ಲಾಸಿಗೆ ಕಳುಸ್ತೀನಿ."

"ಇಸ್ಕೂಲ್ ಕಟ್ಸಿದೋನು ನಾನಾ, ನಿಮ್ಮ ಸರ್ಕಾರಾನಾ?"

"ನೀವೇ ಕಟ್ಸಿದ್ದು. ಅದಕ್ಕೇ ನಿಮ್ಮ ಮುಂದೆ ನಿಂತ್ಕೊಂಡೇ ಮಾತಾಡ್ತಿದೀನಿ."

ದನಿ ಏರಿಸಲಿಲ್ಲ. ನಾನು ಕಣ್ಣರಳಿಸಿ ನೋಡುತ್ತಲೇ ಇದ್ದೆ. ಒಬ್ಬ ಮನುಷ್ಯ ಹೀಗೂ ಇರಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಜೂನ್‌ನಲ್ಲಿ ಹೋದೆ. ಅಧ್ಯಕ್ಷರ ಆಳು ಗೇಟಿನಲ್ಲಿ ಅಡ್ಡ ನಿಂತಿದ್ದ. ಹೆಡ್‌ಮಾಸ್ಟರು ತಾವೇ ಬಂದು, "ಬನ್ನಿ ಟೀಚರ್, ಬೆಲ್ಲಾಯ್ತು" ಎಂದು ಒಳಗೆ ಕರೆದುಕೊಂಡು ಹೋದರು. ನನ್ನ ಮೇಲೆ ಬರೆಯಲು ಏನೂ ಸಿಗಲಿಲ್ಲವೋ ಏನೋ, ಅಧ್ಯಕ್ಷರು ಅದೇ ಕಾನೂನನ್ನು ಹೆಡ್‌ಮಾಸ್ಟರ ಮೇಲೆ ತಿರುಗಿಸಿದರು. ಮಂಡಳಿಯ ಮಾತು ಮೀರಿದ ಹೆಡ್‌ಮಾಸ್ಟರನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ನೋಟೀಸು ಬಂತು. ತಿಪಟೂರಿನ ವಕೀಲರೊಬ್ಬರು ವಿಚಾರಣೆಗೆ ಬಂದರು. ನಾವೆಲ್ಲ ಪಾಠ ನಿಲ್ಲಿಸಿ ಹೊರಗೆ ಕೂರುತ್ತೇವೆ ಎಂದರೆ ಹೆಡ್‌ಮಾಸ್ಟರು ಕೆಂಡವಾದರು.

"ವಿಚಾರಣೆ ಮಾಡಿ ಅಂತ ಅಂದೋನೇ ನಾನು ಕಣಮ್ಮ. ನನ್ನ ಸರದಿ ಬಂದಾಗ ಬ್ಯಾಡ ಅನ್ಲಾ? ಹೋಗಿ, ಪಾಠ ಮಾಡಿ."

ವಿಚಾರಣೆಗೆ ಕರೆದ ದಿನವೆಲ್ಲ ತಮ್ಮದೇ ಕೋಣೆಯ ಹೊರಗೆ, ತಡವಾಗಿ ಬಂದ ಹುಡುಗರನ್ನು ಕೂರಿಸುವ ಬೆಂಚಿನ ಮೇಲೆ ಕಾದು ಕೂರುತ್ತಿದ್ದರು. ಒಳಗೆ ಹೋಗಿ, "ಹೌದು, ಅವರನ್ನ ಕ್ಲಾಸಿಗೆ ಕಳಿಸಿದೋನು ನಾನೇ" ಎಂದು ಒಪ್ಪಿಕೊಂಡರು. ದಸರಾ ಕಳೆದು ಸಂಕ್ರಾಂತಿ ಬಂದರೂ ಅದು ಮುಗಿಯಲಿಲ್ಲ. ಕೊನೆಗೆ ವಕೀಲರು, ಇವರು ನಡೆದದ್ದು ಕಾನೂನಿನಂತೆಯೇ ಎಂದು ಬರೆದುಕೊಟ್ಟು ಹೋದರು. ಕಾಯಿ ಹಂಚುವ ಪದ್ಧತಿ ಅಲ್ಲಿಗೆ ನಿಂತಿತು. ಅಧ್ಯಕ್ಷರು ಹೆಡ್‌ಮಾಸ್ಟರೊಂದಿಗೆ ಮತ್ತೆ ಮಾತಾಡಲಿಲ್ಲ. ಇವರು ಮಾತ್ರ ದಾರಿಯಲ್ಲಿ ಎದುರಾದರೆ ಕೊಡೆ ಮಡಿಸಿ ಕೈ ಮುಗಿಯುತ್ತಿದ್ದರು.

ನಿವೃತ್ತರಾದ ಕೆಲವೇ ವರ್ಷಕ್ಕೆ ಹೋಗಿಬಿಟ್ಟರು. ಸುದ್ದಿ ತಿಳಿದು ತುರುವೇಕೆರೆಯ ಅವರ ಮನೆಗೆ ಹೋದೆ. ಭಯವೆಂದರೇನೆಂದು ಗೊತ್ತಿಲ್ಲದ ಮನುಷ್ಯ ಎಂದು ಅಷ್ಟು ವರ್ಷ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದವಳು ನಾನು, ಅವರ ಹೆಂಡತಿಯ ಮುಂದೆಯೂ ಅದನ್ನೇ ಹೇಳಿದೆ. ಆಕೆ ನನ್ನ ಮುಖ ನೋಡಿದರು.

"ಯಾರು, ಇವರಾ? ಆ ವಿಚಾರಣೆ ವರ್ಷ ನೆಟ್ಟಗೆ ಉಣ್ಣಲಿಲ್ಲ ಕಣವ್ವ. 'ಭಯ ಆಯ್ತದೆ ಕಣೇ, ಮೂರು ಮಕ್ಳು ಅವೆ' ಅಂತ ನನ್ನ ಕೈ ಹಿಡ್ಕಂಡು ಕೂತಿರೋರು. ಬೆಳಗಾಗೋದೇ ತಡ, ಏನೂ ಆಗಿಲ್ಲ ಅನ್ನಂಗೆ ಬಸ್ ಹತ್ತಿ ಹೊಂಟೋಗೋರು. 'ನಾನು ಹೋಗ್ದಿದ್ರೆ ಆ ಹುಡುಗೀನ ಒಳಗೆ ಬುಡಾಕಿಲ್ಲ' ಅನ್ನೋರು."

ಬಸ್‌ಸ್ಟ್ಯಾಂಡಿನಿಂದ ಅಲ್ಲಿಯವರೆಗೆ ತಡೆದುಕೊಂಡು ಬಂದಿದ್ದ ಅಳು ಆಗ ಬಂತು. ಆಕೆಯೇ ನನಗೆ ನೀರು ಕೊಟ್ಟು ಬೆನ್ನು ಸವರಿದರು.